ಲಾರಿಯ ಮುಂದಿನ ಗಾಜು: ಬಿರುಕು ಕಂಡ ದಿನವೇ ಮಾಡಬೇಕಾದ್ದು



ಸ್ವಸಹಾಯ ಸಂಘದ ಸಭೆ ಅಂದರೆ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಇವುಗಳ ಮಾತು ಸಹಜ. ಅಲ್ಲಿ ಲಾರಿ ಗಾಜಿನ ಮಾತು ಯಾಕೆ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ಯೋಚಿಸಿ ನೋಡಿ. ನಿಮ್ಮ ಸಂಘದ ಹದಿನೈದು ಇಪ್ಪತ್ತು ಸದಸ್ಯೆಯರಲ್ಲಿ ಎಷ್ಟು ಮನೆಯವರು ಸ್ಟೇರಿಂಗ್ ಹಿಡಿದು ಸಂಸಾರ ಸಾಗಿಸುತ್ತಿದ್ದಾರೆ? ಒಬ್ಬರ ಯಜಮಾನರು ಟಿಪ್ಪರ್ ಓಡಿಸುತ್ತಾರೆ. ಇನ್ನೊಬ್ಬರ ಮಗ ಮಂಗಳೂರು-ಬೆಂಗಳೂರು ಲೈನ್ ಲಾರಿಯಲ್ಲಿದ್ದಾನೆ. ಮತ್ತೊಬ್ಬರ ತಮ್ಮ ಕ್ಲೀನರ್. ಸಂಘದ ಸಾಲಕ್ಕೆ ಬ್ಯಾಂಕ್ ಸಾಲವನ್ನೂ ಸೇರಿಸಿ ಗೂಡ್ಸ್ ಟೆಂಪೋ ತೆಗೆದ ಮನೆಗಳೂ ಇವೆ. ಆ ಗಾಡಿ ದಿನಾ ರಸ್ತೆಯಲ್ಲಿದ್ದರೆ ಮಾತ್ರ ಕಂತು. ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಮನೆಯ ಲೆಕ್ಕವೆಲ್ಲ ತಲೆಕೆಳಗು.

ಇನ್ನೊಂದು ಕಾರಣವೂ ಇದೆ. ಬೆಳಗಿನ ಜಾವ ಹಾಲಿನ ಕ್ಯಾನು ಹಿಡಿದು ರಸ್ತೆ ಬದಿಯಲ್ಲೇ ಡೇರಿಗೆ ನಡೆದು ಹೋಗುವವರು ನಾವು. ಶಾಲೆಗೆ ಹೋಗುವ ಮಕ್ಕಳು ನಮ್ಮವು. ಎದುರಿನಿಂದ ಬರುವ ಲಾರಿಯ ಚಾಲಕನಿಗೆ ನಾವು ಕಾಣಬೇಕಾದ್ದು ಆ ಒಂದು ಗಾಜಿನ ಮೂಲಕವೇ. ಅದು ಮಸುಕಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಅದರ ಪರಿಣಾಮ ಗಾಡಿಯೊಳಗೆ ಕುಳಿತವನಿಗೆ ಮಾತ್ರ ಅಲ್ಲ.

ಆ ಗಾಜು ನಮ್ಮ ಕಿಟಕಿ ಗಾಜಲ್ಲ

ಮನೆಯ ಕಿಟಕಿಗೆ ಹಾಕುವುದು ಒಂದೇ ಹಾಳೆಯ ಗಾಜು. ಒಡೆದರೆ ಚೂಪಾದ ಚೂರುಗಳಾಗಿ ಬೀಳುತ್ತದೆ. ಲಾರಿಯ ಮುಂದಿನ ಗಾಜು ಹಾಗಲ್ಲ. ಎರಡು ಗಾಜಿನ ಹಾಳೆಗಳ ನಡುವೆ ತೆಳುವಾದ, ಆಚೆ ಈಚೆ ಕಾಣುವ ಪ್ಲಾಸ್ಟಿಕ್ ಪದರವೊಂದನ್ನು ಇಟ್ಟು, ಬಿಸಿ ಮತ್ತು ಒತ್ತಡ ಕೊಟ್ಟು ಒಂದಾಗಿಸಿರುತ್ತಾರೆ. ಇದಕ್ಕೆ ಲ್ಯಾಮಿನೇಟೆಡ್ ಗಾಜು ಎಂದು ಹೆಸರು. ಕಲ್ಲು ಬಡಿದರೆ ಇದೂ ಒಡೆಯುತ್ತದೆ. ಆದರೆ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡೇ ಉಳಿಯುತ್ತವೆ. ಜೇಡರ ಬಲೆಯ ಹಾಗೆ ಗೆರೆ ಮೂಡುತ್ತದೆಯೇ ಹೊರತು ಚಾಲಕನ ಮುಖದ ಮೇಲೆ ಕಳಚಿ ಬೀಳುವುದಿಲ್ಲ. ಗಾಡಿ ಡಿಕ್ಕಿಯಾದಾಗ ಒಳಗಿದ್ದವರು ಹೊರಗೆ ಎಸೆಯಲ್ಪಡದಂತೆ ತಡೆಯುವುದರಲ್ಲೂ ಇದರ ಪಾಲಿದೆ. ಹಾಗಂತ ಸೀಟ್ ಬೆಲ್ಟ್ ಬೇಡ ಅಂತ ಅಲ್ಲ!

ಈ ಗಾಜು ಹುಟ್ಟಿದ ಕತೆ ಸ್ವಾರಸ್ಯವಾಗಿದೆ. ಫ್ರಾನ್ಸ್ ದೇಶದ ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನ ವಿಜ್ಞಾನಿಯ ಕೋಣೆಯಲ್ಲಿ 1903ರಲ್ಲಿ ಒಂದು ಗಾಜಿನ ಸೀಸೆ ಮೇಲಿನಿಂದ ಬಿತ್ತಂತೆ. ಒಡೆಯಿತು, ಆದರೆ ಚೂರಾಗಿ ಚದುರಲಿಲ್ಲ. ಒಳಗಿದ್ದ ದ್ರಾವಣ ಒಣಗಿ ಸೀಸೆಯ ಗೋಡೆಗೆ ಪೊರೆಯಂತೆ ಅಂಟಿಕೊಂಡಿತ್ತು. ಅದನ್ನು ಕಂಡೇ ಅವರು ಪದರದ ಗಾಜಿನ ಯೋಚನೆ ಮಾಡಿ, 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಬಾಗಿಲ ಕಿಟಕಿಗಳಿಗೆ ಸಾಮಾನ್ಯವಾಗಿ ಹಾಕುವ ಗಾಜು ಬೇರೆ ಜಾತಿಯದು. ಅದು ಟಫನ್ಡ್ ಗಾಜು. ಒಡೆದರೆ ಕಲ್ಲುಸಕ್ಕರೆಯಂಥ ಸಣ್ಣ ಹರಳುಗಳಾಗಿ ಪೂರ್ತಿ ಉದುರಿಬಿಡುತ್ತದೆ. ಮುಂದಿನ ಗಾಜಿಗೆ ಅದು ಸಲ್ಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ದ್ವಿಚಕ್ರ ವಾಹನ, ಕೃಷಿ ಟ್ರ್ಯಾಕ್ಟರ್ ಬಿಟ್ಟು ಉಳಿದ ಗಾಡಿಗಳ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕು. ಈ ನಿಯಮ ಜಾರಿಗೆ ಬಂದು ಮೂರು ವರ್ಷದ ನಂತರ ತಯಾರಾದ ಎಲ್ಲ ಗಾಡಿಗೂ ಇದು ಅನ್ವಯ. ಅಂದರೆ ಇವತ್ತು ರಸ್ತೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಲಾರಿಗಳಿಗೂ.

ಹೊಸ ಗಾಜು ಹಾಕಿಸುವಾಗ "ಇದು ಕಡಿಮೆ ರೇಟಿಗೆ ಬರುತ್ತೆ ಅಕ್ಕ, ಇದನ್ನೇ ಹಾಕಿಸಿ" ಅನ್ನುವವರು ಇರುತ್ತಾರೆ. ಗಾಜಿನ ಮೂಲೆಯಲ್ಲಿ ಅಚ್ಚಾದ ಗುರುತನ್ನು ನೋಡಿ ತೆಗೆದುಕೊಳ್ಳಿ. ಲ್ಯಾಮಿನೇಟೆಡ್ ಎಂಬ ಗುರುತು, ಐ.ಎಸ್.ಐ. ಮುದ್ರೆ, ವಾಹನದ ಗಾಜಿಗೆ ಇರುವ ಐ.ಎಸ್. 2553 ಎಂಬ ಸಂಖ್ಯೆ ಇರಬೇಕು. ಗುರುತೇ ಇಲ್ಲದ ಗಾಜು ಎಷ್ಟೇ ಅಗ್ಗವಾದರೂ ಬೇಡ.

"ಸಣ್ಣ ಚುಕ್ಕಿ ತಾನೇ, ಏನಾಗಲ್ಲ ಬಿಡು"

ಗಾಜಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಜಲ್ಲಿಯಿಂದ. ಟಾರ್ಪಾಲ್ ಮುಚ್ಚದೆ ಜಲ್ಲಿ, ಕಲ್ಲುಪುಡಿ ತುಂಬಿಕೊಂಡು ಹೋಗುವ ಟಿಪ್ಪರ್ ಹಿಂದೆ ಹತ್ತಿರದಲ್ಲೇ ಹೋದರೆ ಒಂದಲ್ಲ ಒಂದು ಕಲ್ಲು ಗಾಜಿಗೆ ಬಡಿಯದೆ ಇರುವುದಿಲ್ಲ. ಇನ್ನೊಂದು ಕಡೆಯಿಂದಲೂ ಕಲ್ಲು ಬರುತ್ತದೆ, ಅದನ್ನು ಅನುಭವಸ್ಥ ಚಾಲಕರು ಬಲ್ಲರು. ಲಾರಿಯ ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿರುತ್ತದೆ. ಗಾಡಿ ವೇಗ ಹಿಡಿದಾಗ ಅದು ಕವಣೆಯಿಂದ ಬಿಟ್ಟ ಹಾಗೆ ಹಿಂದಿನ ಗಾಡಿಯ ಗಾಜಿಗೆ ಹಾರುತ್ತದೆ. ಕ್ವಾರಿಯಿಂದ, ಕೆಲಸದ ಸೈಟಿನಿಂದ ಟಾರು ರಸ್ತೆಗೆ ಹತ್ತುವ ಮೊದಲು ಗಾಡಿ ನಿಲ್ಲಿಸಿ ಟೈರಿನ ನಡುವೆ ಕಬ್ಬಿಣದ ರಾಡ್ ಹಾಕಿ ಕಲ್ಲು ತೆಗೆಯುವುದು ಕ್ಲೀನರ್ ಕೆಲಸ. ನಿಮ್ಮ ತಮ್ಮನೋ ಮಗನೋ ಕ್ಲೀನರ್ ಆಗಿದ್ದರೆ ಕೇಳಿ ನೋಡಿ, ಮಾಡ್ತಾನಾ ಅಂತ.

ಮುಂದಿನ ಗಾಡಿಯಿಂದ ಸಾಕಷ್ಟು ದೂರ ಇಟ್ಟುಕೊಳ್ಳಬೇಕು ಎಂದು 2017ರ ಮೋಟಾರು ವಾಹನಗಳ ಚಾಲನಾ ನಿಯಮಾವಳಿಯೂ ಹೇಳುತ್ತದೆ. ಅದು ಬ್ರೇಕಿಗಾಗಿ ಮಾಡಿದ ನಿಯಮ. ಗಾಜಿಗೂ ಅದರಿಂದ ಲಾಭ.

ಮೊದಲ ದಿನ ಇದೊಂದು ಚುಕ್ಕಿ. ಸಾಸಿವೆ ಕಾಳಷ್ಟೋ, ಕಡಲೆ ಬೇಳೆಯಷ್ಟೋ. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳು ಅದರ ಅಂಚಿನಲ್ಲಿ ಇರುತ್ತವೆ. ಗಾಡಿ ಬಿಸಿಲಲ್ಲಿ ನಿಂತಾಗ ಗಾಜು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಎಳೆತವೆಲ್ಲ ಆ ಸೀಳಿನ ತುದಿಗೆ ಬಂದು ಸೇರುತ್ತದೆ. ಬಟ್ಟೆಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ ಎಳೆದರೆ ಉದ್ದಕ್ಕೂ ಹರಿಯುತ್ತದಲ್ಲ, ಹೊಲಿಗೆ ಕಲಿತವರಿಗೆ ಇದು ಗೊತ್ತು. ಗಾಜಿನಲ್ಲೂ ಆಗುವುದು ಅದೇ. ಜೊತೆಗೆ ಗುಂಡಿ ರಸ್ತೆಯ ಕುಲುಕಾಟ. ಮಿತಿ ಮೀರಿ ಲೋಡ್ ಹಾಕಿದ ಗಾಡಿ ಘಾಟಿಯ ತಿರುವಿನಲ್ಲಿ ಹೋಗುವಾಗ ಕ್ಯಾಬಿನ್ನಿನ ಚೌಕಟ್ಟೇ ಸ್ವಲ್ಪ ತಿರುಚುತ್ತದೆ, ಆ ತಿರುಚು ಗಾಜಿನ ಮೇಲೆ ಬೀಳುತ್ತದೆ. ಬೆಳಿಗ್ಗೆ ಚುಕ್ಕಿಯಾಗಿದ್ದದ್ದು ಸಂಜೆ ಒಂದು ಗೇಣು ಬಿರುಕಾಗಿದ್ದನ್ನು ಕಂಡ ಚಾಲಕರು ಎಷ್ಟೋ ಜನ.

ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಎರಚಿ ತೊಳೆಯುವುದು ನಮ್ಮಲ್ಲಿ ಸಾಮಾನ್ಯ. ಬಿರುಕಿರುವ ಗಾಜಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾದ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಚಾಲಕರಿಗೆ ಇದು ಒಳ್ಳೆಯದೇ ಆಯಿತು. ಆದರೆ ಹೊರಗೆ ಸುಡುವ ಬಿಸಿಲು, ಒಳಗೆ ಗಾಜಿಗೇ ಗುರಿಯಿಟ್ಟ ತಣ್ಣನೆಯ ಗಾಳಿ ಎಂದಾದರೆ ಬಿರುಕು ಓಡುತ್ತದೆ. ಬಿರುಕಿದ್ದಾಗ ಗಾಳಿಯ ಬಾಯಿಯನ್ನು ಗಾಜಿನಿಂದ ಬೇರೆ ಕಡೆಗೆ ತಿರುಗಿಸಬೇಕು.

ಚಾಲಕನಿಗೆ ಏನು ಕಾಣುತ್ತದೆ?

ಹಗಲಿನಲ್ಲಿ ಬಿರುಕು ಒಂದು ಗೆರೆ ಅಷ್ಟೇ. ಕಷ್ಟ ಶುರುವಾಗುವುದು ರಾತ್ರಿ. ಎದುರಿನ ಗಾಡಿಯ ಹೆಡ್‌ಲೈಟ್ ಬೆಳಕು ಬಿರುಕಿಗೆ ಬಿದ್ದು ಚೆದುರುತ್ತದೆ. ಒಂದು ಗೆರೆ ಇದ್ದ ಕಡೆ ಉರಿಯುವ ಬೆಳಕಿನ ಕಂಬ ನಿಂತ ಹಾಗೆ ಕಾಣುತ್ತದೆ. ಅದರ ಹಿಂದೆ ಯಾರಿದ್ದಾರೆ, ಸೈಕಲ್ಲಾ, ದನವಾ, ಮನುಷ್ಯರಾ, ತಿಳಿಯುವುದಿಲ್ಲ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಹೋಗುವಾಗ ತಗ್ಗಿನ ಸೂರ್ಯನೂ ಇದೇ ಆಟ ಆಡುತ್ತಾನೆ. ನಾವು ಡೇರಿಗೆ ಹೋಗುವುದು, ಕೂಲಿ ಮುಗಿಸಿ ಬರುವುದು ಇದೇ ಹೊತ್ತಿನಲ್ಲಿ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಲಾರಿ ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. "ಏನೋ ಕಂಡಿತಲ್ಲ" ಅಂತ ಚಾಲಕ ಒಂದು ಸೆಕೆಂಡು ಅನುಮಾನಿಸಿದರೆ ಅಷ್ಟು ದೂರ ಹೋಗಿ ಆಯಿತು. ಬ್ರೇಕ್ ಹಿಡಿಯುವ ಮಾತು ಆಮೇಲಿನದು.

ಬಿರುಕು ಇಲ್ಲದಿದ್ದರೂ ಗಾಜು ಕುರುಡಾಗಬಹುದು. ಸವೆದ ವೈಪರ್ ರಬ್ಬರು ಮಣ್ಣಿನ ಸಮೇತ ಉಜ್ಜಿ ಉಜ್ಜಿ ಗಾಜಿನ ಮೇಲೆ ಬಿಲ್ಲಿನ ಆಕಾರದ ಗೀರು ಮಾಡುತ್ತದೆ. ಜೂನ್ ತಿಂಗಳಿನಿಂದ ಶಿರಾಡಿ ಘಾಟಿಯಲ್ಲಿ ಸುರಿಯುವ ಮಳೆ, ಮಂಜಿನಲ್ಲಿ ಆ ಗೀರು ಬಿದ್ದ ಗಾಜಿನಿಂದ ನೋಡುವುದೆಂದರೆ ಎಣ್ಣೆ ಹಚ್ಚಿದ ಕಾಗದದಿಂದ ನೋಡಿದ ಹಾಗೆ. ವೈಪರ್ ಕೆಟ್ಟರೆ ಗಾಜಿಗೆ ಹೊಗೆಸೊಪ್ಪು ಉಜ್ಜಿ ಹೊರಡುವ ಚಾಲಕರು ಈಗಲೂ ಇದ್ದಾರೆ. ಊರು ತಲುಪಲಿಕ್ಕೆ ಉಪಾಯ ಇರಬಹುದು, ಘಾಟಿ ಇಳಿಯಲಿಕ್ಕೆ ಅಲ್ಲ. 101ನೇ ನಿಯಮದ ಪ್ರಕಾರ ವೈಪರ್ ಸರಿಯಾಗಿ ಕೆಲಸ ಮಾಡಲೇಬೇಕು. ಮಳೆಗಾಲದ ಮೊದಲು ವೈಪರ್ ರಬ್ಬರ್ ಬದಲಾಯಿಸುವ ಖರ್ಚು ಗಾಜಿನ ಖರ್ಚಿನ ಮುಂದೆ ಏನೇನೂ ಅಲ್ಲ. ಗಾಜಿನ ಒಳಬದಿಯಲ್ಲಿ ಬೀಡಿ ಹೊಗೆ, ಧೂಳು ಸೇರಿ ಕೂರುವ ಜಿಡ್ಡನ್ನು ವಾರಕ್ಕೊಮ್ಮೆ ಒರೆಸಬೇಕು. ಡೀಸೆಲ್ ಮುಟ್ಟಿದ ಬಟ್ಟೆ ಬೇಡ. ಸೋಪಿನ ನೀರು, ಆಮೇಲೆ ಶುದ್ಧವಾದ ಒಣ ಬಟ್ಟೆ ಸಾಕು.

ದೇವರ ಚಿತ್ರದ ವಿಚಾರವನ್ನೂ ಹೇಳಿಬಿಡುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಧರ್ಮಸ್ಥಳದ ಮಂಜುನಾಥ, ವೇಲಂಕಣಿ ಮಾತೆ, ದರ್ಗಾದ ಚಿತ್ರ, ಜಪಸರ, ನಿಂಬೆಹಣ್ಣು, ಪ್ಲಾಸ್ಟಿಕ್ ಹೂವಿನ ಹಾರ ಎಲ್ಲವೂ ಚಾಲಕನ ಕಣ್ಣಿನ ಎತ್ತರದಲ್ಲೇ ತೂಗಾಡಿದರೆ ರಸ್ತೆ ಕಾಣುವುದು ಎಲ್ಲಿಂದ? ಡ್ಯಾಶ್‌ಬೋರ್ಡಿನ ಮೇಲೆ ಎಡಬದಿಗೆ ಇಟ್ಟರೂ ಭಕ್ತಿ ಕಡಿಮೆಯಾಗುವುದಿಲ್ಲ. ಬಿಸಿಲು ತಡೆಯಲು ಕಪ್ಪು ಫಿಲ್ಮ್ ಅಂಟಿಸುವುದಂತೂ ಬೇಡವೇ ಬೇಡ. ಮುಂದಿನ ಗಾಜು ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜು ಶೇ. 50ರಷ್ಟು ಬೆಳಕನ್ನು ಒಳಗೆ ಬಿಡಬೇಕು ಎಂದು 100ನೇ ನಿಯಮವೇ ಹೇಳುತ್ತದೆ. ಗಾಡಿ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು 2012ರ ಏಪ್ರಿಲ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು.

ನಾಲ್ಕಾಣೆಯ ಅಳತೆ

ಎಷ್ಟು ಒಡೆದರೆ ರಿಪೇರಿ, ಎಷ್ಟು ಒಡೆದರೆ ಬದಲಾವಣೆ? ಎಲ್ಲರೂ ಕೇಳುವ ಪ್ರಶ್ನೆ ಇದು. ನಮ್ಮಲ್ಲಿ ತಪಾಸಣೆಯ ಇನ್‌ಸ್ಪೆಕ್ಟರ್ ನೋಡಿ ಹೇಳುತ್ತಾರೆ. ಅಮೆರಿಕ ದೇಶದ ಲಾರಿ ನಿಯಮದಲ್ಲಿ ಅಳತೆಯನ್ನೇ ಬರೆದಿಟ್ಟಿದ್ದಾರೆ. ಅದನ್ನು ನಾವು ಮನೆಯ ಲೆಕ್ಕಕ್ಕೆ ಬಳಸಬಹುದು.

ಅಲ್ಲಿನ ನಿಯಮದ ಪ್ರಕಾರ, ಸ್ಟೇರಿಂಗ್ ಚಕ್ರದ ಮೇಲಂಚಿನಿಂದ ಮೇಲಕ್ಕೆ ಇರುವ ಗಾಜಿನ ಭಾಗ ಚೆನ್ನಾಗಿರಬೇಕು. ಮೇಲಿನ ಅಂಚಿನ ಎರಡು ಇಂಚು, ಎರಡೂ ಬದಿಯ ಒಂದೊಂದು ಇಂಚು ಲೆಕ್ಕಕ್ಕಿಲ್ಲ. ಈ ಭಾಗದಲ್ಲಿ 19 ಮಿಲಿಮೀಟರ್ ಅಗಲದ ಬಿಲ್ಲೆಯಿಂದ ಮುಚ್ಚಬಹುದಾದಷ್ಟು ಪೆಟ್ಟು ಇದ್ದರೆ ಪರವಾಗಿಲ್ಲ. ಆದರೆ ಅಂಥ ಇನ್ನೊಂದು ಪೆಟ್ಟು ಮೂರು ಇಂಚಿಗಿಂತ ಹತ್ತಿರದಲ್ಲಿ ಇರಬಾರದು. ಒಂದು ಬಿರುಕನ್ನು ಇನ್ನೊಂದು ಬಿರುಕು ಅಡ್ಡ ಹಾದಿದ್ದರೆ ಆ ಗಾಜು ನಡೆಯುವುದಿಲ್ಲ.

19 ಮಿಲಿಮೀಟರ್ ಎಂದರೆ ಎಷ್ಟು? ಘೇಂಡಾಮೃಗದ ಚಿತ್ರ ಇರುವ ಹಳೇ ನಾಲ್ಕಾಣೆ ನೆನಪಿದೆಯಾ? ಸರಿಯಾಗಿ ಅಷ್ಟೇ. 2011ರಲ್ಲೇ ಅದರ ಚಲಾವಣೆ ನಿಂತಿತು, ಆದರೂ ನಮ್ಮ ಸಾಸಿವೆ ಡಬ್ಬಿಯಲ್ಲೋ ಮಕ್ಕಳ ಹುಂಡಿಯಲ್ಲೋ ಒಂದೆರಡು ಇದ್ದೇ ಇರುತ್ತವೆ. ಅದೊಂದನ್ನು ಗಾಡಿಯಲ್ಲಿ ಇಟ್ಟಿರಲಿ. ಪೆಟ್ಟಿನ ಮೇಲೆ ಇಟ್ಟು ನೋಡಿದಾಗ ಪೂರ್ತಿ ಮುಚ್ಚಿಹೋದರೆ ರಿಪೇರಿಗೆ ಕೇಳಬಹುದು. ಹೊರಗೆ ಚಾಚಿಕೊಂಡರೆ, ಬಿರುಕು ಗಾಜಿನ ಅಂಚನ್ನು ಮುಟ್ಟಿದ್ದರೆ, ಅಥವಾ ಚಾಲಕನ ಕಣ್ಣಿನ ನೇರಕ್ಕಿದ್ದರೆ ಬದಲಾಯಿಸುವುದೇ ಸರಿ. ಚಾಲಕನ ಕಣ್ಣ ಮುಂದಿನ ಜಾಗದಲ್ಲಿ ರಿಪೇರಿ ಮಾಡಿದರೂ ಒಂದು ಮಸುಕು ಗುರುತು ಉಳಿದೇ ಉಳಿಯುತ್ತದೆ.

ಒಳಬದಿಯಿಂದ ಉಗುರಿನಲ್ಲಿ ಸವರಿ ನೋಡಬೇಕು. ಒಳಗೂ ಉಗುರಿಗೆ ಬಿರುಕು ತಾಗಿದರೆ ಎರಡೂ ಹಾಳೆ ಹೋಗಿವೆ ಎಂದರ್ಥ. ಅದಕ್ಕೆ ರಿಪೇರಿ ಇಲ್ಲ.

ರಿಪೇರಿ ಹೇಗೆ ಮಾಡುತ್ತಾರೆ? ಪೆಟ್ಟಿನೊಳಗಿನ ಗಾಳಿಯನ್ನು ಎಳೆದು, ಅಂಟಿನಂಥ ರೆಸಿನ್ ದ್ರವವನ್ನು ಒಳಗೆ ತುಂಬಿ, ನೇರಳಾತೀತ ಬೆಳಕಿನ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ಒಳಗೆ ಮಣ್ಣು, ನೀರು, ಸೋಪು ಹೋಗಿದ್ದರೆ ರೆಸಿನ್ ಹಿಡಿಯುವುದಿಲ್ಲ. ಅದಕ್ಕೇ ಹೇಳುವುದು, ಪೆಟ್ಟು ಬಿದ್ದ ಜಾಗದಲ್ಲೇ ಗಾಡಿ ಬದಿಗೆ ನಿಲ್ಲಿಸಿ, ಒಣ ಬಟ್ಟೆಯಿಂದ ಸುತ್ತ ಒರೆಸಿ, ಹೊರಗಿನಿಂದ ಒಂದು ತುಂಡು ಬಿಳಿ ಸೆಲ್ಲೋಟೇಪು ಅಂಟಿಸಬೇಕು ಅಂತ. ಹತ್ತು ರೂಪಾಯಿಯ ಟೇಪು ಗಾಡಿಯಲ್ಲಿದ್ದರೆ ಸಾವಿರಾರು ರೂಪಾಯಿಯ ಗಾಜು ಉಳಿಯಬಹುದು. ಫೆವಿಕ್ವಿಕ್ ಹಾಕುವುದು, ಸ್ಟಿಕ್ಕರ್ ಅಂಟಿಸಿ ಮುಚ್ಚುವುದು, ಎರಡೂ ತಪ್ಪು. ಮುಚ್ಚಿದರೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಬಿರುಕು ಒಳಗೊಳಗೇ ಬೆಳೆಯುತ್ತದೆ.

ಆರ್.ಸಿ. ಯಾರ ಹೆಸರಿನಲ್ಲಿದೆ?

ಇದನ್ನು ಗಮನವಿಟ್ಟು ಓದಿ. ಎಷ್ಟೋ ಮನೆಗಳಲ್ಲಿ ಸಾಲ ಸಿಗುತ್ತದೆ ಅಂತ ಟೆಂಪೋ ಹೆಂಗಸರ ಹೆಸರಿನಲ್ಲಿ ತೆಗೆದಿರುತ್ತಾರೆ. ಓಡಿಸುವುದು ಯಜಮಾನರು, ಆರ್.ಸಿ.ಯಲ್ಲಿ ಹೆಸರು ನಿಮ್ಮದು. ಕಾನೂನಿನ ಕಣ್ಣಿಗೆ ಮಾಲೀಕರು ನೀವೇ.

ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಹೀಗೆ ಹೇಳುತ್ತದೆ: ಅಪಾಯ ತರುವಂಥ ದೋಷ ಇದೆ ಎಂದು ಗೊತ್ತಿದ್ದೂ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷ ಇದ್ದೂ, ಗಾಡಿಯನ್ನು ರಸ್ತೆಯಲ್ಲಿ ಓಡಿಸಿದವರಿಗೂ ಓಡಿಸಲು ಬಿಟ್ಟವರಿಗೂ ದಂಡ. 2019ರ ತಿದ್ದುಪಡಿಯಲ್ಲಿ ಈ ದಂಡ 1,500 ರೂಪಾಯಿ ಆಗಿದೆ. ಅದೇ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿ ಹಾಳಾದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಸ್ಥಳದಲ್ಲೇ ಕಟ್ಟುವ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ಬೇರೆಯಾಗಿ ನಿಗದಿ ಮಾಡಬಹುದು. "ಗಾಡಿ ವಿಷಯ ನಂಗೆ ಗೊತ್ತಿಲ್ಲ, ಎಲ್ಲಾ ಅವರೇ ನೋಡ್ಕೊಳ್ಳೋದು" ಎನ್ನುವ ಉತ್ತರ ಅಲ್ಲಿ ನಡೆಯುವುದು ಕಷ್ಟ. ಮುಂದಿನ ಗಾಜಿನ ಬಿರುಕು ಎಂದರೆ ಯಾರ ಕಣ್ಣಿಗೂ ಕಾಣುವ ದೋಷ.

ಎಫ್.ಸಿ. ಮಾಡಿಸುವಾಗಲೂ ಗಾಜು ಮತ್ತು ವೈಪರ್ ಎರಡನ್ನೂ ನೋಡುತ್ತಾರೆ. 2018ರ ತಿದ್ದುಪಡಿಯ ಪ್ರಕಾರ ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಗಾಜು ಒಡೆದು ಎಫ್.ಸಿ. ನಿಂತರೆ ಗಾಡಿ ಬಾಡಿಗೆಗೆ ಹೋಗುವಂತಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಎಫ್.ಸಿ. ದಿನಾಂಕಕ್ಕೆ ಒಂದು ತಿಂಗಳು ಮೊದಲೇ ಗಾಜು, ವೈಪರ್, ಕನ್ನಡಿ ನೋಡಿಸಿಕೊಳ್ಳಿ. ಸಂಘದ ಪುಸ್ತಕದಲ್ಲಿ ಸಾಲದ ಕಂತಿನ ಪಕ್ಕದಲ್ಲೇ ಆ ದಿನಾಂಕವನ್ನೂ ಬರೆಯಿಸಿದರೆ ಮರೆಯುವುದಿಲ್ಲ.

ಸಂಬಳದಲ್ಲಿ ಮುರಿದುಕೊಂಡರೆ?

ಬೇರೆಯವರ ಲಾರಿ ಓಡಿಸುವ ಚಾಲಕರ ಕಷ್ಟವೇ ಬೇರೆ. ಗಾಜು ಒಡೆದರೆ "ನಿನ್ನ ಸಂಬಳದಲ್ಲಿ ಮುರ್ಕೊಳ್ತೀನಿ" ಎನ್ನುವ ಮಾಲೀಕರಿದ್ದಾರೆ. ಆ ಹೆದರಿಕೆಗೆ ಚಾಲಕರು ಚುಕ್ಕಿಯನ್ನು ಹೇಳುವುದೇ ಇಲ್ಲ. ಸ್ಟಿಕ್ಕರ್ ಅಂಟಿಸಿ ಓಡಿಸುತ್ತಾರೆ. ಕೊನೆಗೆ ಇಡೀ ಗಾಜು ಹೋಗುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಗಾಜುಗಳು ಹಾಳಾಗುವುದಕ್ಕೆ ಜಲ್ಲಿ ಎಷ್ಟು ಕಾರಣವೋ ಈ ಹೆದರಿಕೆಯೂ ಅಷ್ಟೇ ಕಾರಣ.

ಮುಂದಿನ ಗಾಡಿಯಿಂದ ಹಾರಿದ ಕಲ್ಲಿಗೆ ಚಾಲಕ ಹೊಣೆ ಹೇಗಾಗುತ್ತಾನೆ? ನಷ್ಟವು ಕೆಲಸಗಾರನ ಅಜಾಗರೂಕತೆ ಅಥವಾ ತಪ್ಪಿನಿಂದ ನೇರವಾಗಿ ಆದದ್ದಲ್ಲದಿದ್ದರೆ ಅದನ್ನು ವೇತನದಲ್ಲಿ ಕಡಿತ ಮಾಡುವಂತಿಲ್ಲ, ಮಾಡುವ ಮೊದಲು ಅವನ ವಿವರಣೆ ಕೇಳಬೇಕು, ನಷ್ಟದ ಮೊತ್ತಕ್ಕಿಂತ ಹೆಚ್ಚು ಕಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೇ ಇದೆ. ಜಗಳಕ್ಕೆ ಹೋಗಿ ಅಂತ ನಾವು ಹೇಳುವುದಿಲ್ಲ. ಕೆಲಸ ಹೋದರೆ ಕಷ್ಟ ನಮಗೇ. ಆದರೆ ಪೆಟ್ಟು ಬಿದ್ದ ತಕ್ಷಣ ಮೊಬೈಲಿನಲ್ಲಿ ಫೋಟೋ ತೆಗೆದು, ಜಾಗ ಮತ್ತು ಸಮಯ ಬರೆದು ಮಾಲೀಕರಿಗೆ ಅದೇ ದಿನ ವಾಟ್ಸಾಪ್ ಮಾಡಿದರೆ ಎರಡು ಲಾಭ. ಮುಚ್ಚಿಟ್ಟ ಎಂಬ ಮಾತು ಬರುವುದಿಲ್ಲ, ಮತ್ತು ಮಾಲೀಕರಿಗೂ ಸಣ್ಣ ಖರ್ಚಿನಲ್ಲಿ ಮುಗಿಸುವ ಅವಕಾಶ ಸಿಗುತ್ತದೆ. ಹಾಗೆ ತಿಳಿಸಿದ ಮೇಲೂ "ಇದೇ ಗಾಜಲ್ಲಿ ಓಡ್ಸು" ಅಂದರೆ, 190ನೇ ಕಲಮಿನ ಓಡಿಸಲು ಬಿಟ್ಟವರು ಯಾರು ಎಂಬುದಕ್ಕೆ ಆ ಫೋಟೋವೇ ಸಾಕ್ಷಿ.

ದಾರಿಯಲ್ಲಿ ಒಡೆದುಹೋದರೆ

ಓಡುತ್ತಿರುವಾಗಲೇ ಗಾಜು ಪೂರ್ತಿ ಬಲೆಯಾದರೆ ಗಾಬರಿಯಿಂದ ಬ್ರೇಕ್ ತುಳಿಯಬಾರದು. ಹಿಂದಿನ ಗಾಡಿ ಬಂದು ಗುದ್ದುತ್ತದೆ. ಸ್ಟೇರಿಂಗ್ ನೇರ ಹಿಡಿದು, ನಾಲ್ಕೂ ಇಂಡಿಕೇಟರ್ ಹಾಕಿ, ವೇಗ ಇಳಿಸಿ, ನಿಧಾನವಾಗಿ ಎಡಕ್ಕೆ ತಂದು ನಿಲ್ಲಿಸಬೇಕು. ಕೈಯಿಂದ ಗುದ್ದಿ ಗಾಜು ತೆಗೆಯಲು ಹೋಗಬಾರದು. ಗಾಜೇ ಇಲ್ಲದೆ ಟವೆಲ್ ಸುತ್ತಿಕೊಂಡು ಊರು ಸೇರುವ ಸಾಹಸವೂ ಬೇಡ.

ಕಣ್ಣಿಗೆ ಗಾಜಿನ ಪುಡಿ ಬಿದ್ದರೆ ಉಜ್ಜಲೇಬಾರದು. ಶುದ್ಧ ನೀರನ್ನು ಧಾರೆಯಾಗಿ ಬಿಟ್ಟು ತೊಳೆಯಿರಿ. ಚೂರು ಕಣ್ಣಿನಲ್ಲಿ ಚುಚ್ಚಿಕೊಂಡಿದ್ದರೆ ತೊಳೆಯುವುದೂ ಬೇಡ, ಕೀಳುವುದೂ ಬೇಡ. ಕಣ್ಣಿಗೆ ತಾಗದ ಹಾಗೆ ಒಂದು ಕಾಗದದ ಲೋಟವನ್ನು ಮೇಲಿಟ್ಟು ಕಟ್ಟಿ, ನೇರ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ತಾಯಿಯ ಹಾಲು, ಎಣ್ಣೆ, ಜೇನುತುಪ್ಪ ಬಿಡುವ ಮನೆಮದ್ದುಗಳಿಂದ ಕಣ್ಣೇ ಹೋಗಬಹುದು.

ಇನ್ಶೂರೆನ್ಸ್, ಸಂಘದ ಸಾಲ, ಕೊನೆಗೆ ಫಾಸ್ಟ್ಯಾಗ್

"ಇನ್ಶೂರೆನ್ಸ್ ಇದೆಯಲ್ಲ" ಎನ್ನುವ ಮೊದಲು ಪಾಲಿಸಿ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ನಿಮ್ಮ ಗಾಡಿಯ ಗಾಜಿಗೆ ಒಂದು ಪೈಸೆಯೂ ಬರುವುದಿಲ್ಲ. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ಜನ ಫುಲ್ ಇನ್ಶೂರೆನ್ಸ್ ಎಂದು ಕರೆಯುವ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಗಾಜಿಗೆ ಪರಿಹಾರ ಉಂಟು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಎಂದು ಅರ್ಧ ಹಣ ಕಡಿಯುತ್ತಾರೆ. ಗಾಜಿಗೆ ಸವಕಳಿ ಕಡಿತ ಇಲ್ಲ. ಪಾಲಿಸಿಯಲ್ಲಿ ಬರೆದಿರುವ ಕಡ್ಡಾಯ ಮೊತ್ತವನ್ನು ಮಾತ್ರ ನೀವು ಹಾಕಬೇಕು.

ಆದರೆ ಲೆಕ್ಕ ಹಾಕಿ ಕ್ಲೇಮ್ ಮಾಡಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಸ್ವಂತ ಗಾಡಿಯ ನಷ್ಟದ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ ಸಿಗುತ್ತದೆ. ಐದು ವರ್ಷ ಮಾಡದಿದ್ದರೆ ಶೇ. 50ರವರೆಗೆ ಏರುತ್ತದೆ. ಒಂದು ಗಾಜಿಗೆ ಕ್ಲೇಮ್ ಮಾಡಿದರೂ ಆ ರಿಯಾಯಿತಿ ಹೋಗುತ್ತದೆ. ಉದಾಹರಣೆಗೆ ಆ ಭಾಗದ ಪ್ರೀಮಿಯಂ 12,000 ರೂಪಾಯಿ, ನಿಮಗೆ ಶೇ. 50 ರಿಯಾಯಿತಿ ಇದೆ ಅಂದುಕೊಳ್ಳಿ. ಕ್ಲೇಮ್ ಮಾಡಿದರೆ ಮುಂದಿನ ವರ್ಷ 6,000 ರೂಪಾಯಿ ಹೆಚ್ಚು ಕಟ್ಟಬೇಕು. ಗಾಜಿನ ಖರ್ಚು 5,000 ಆಗಿದ್ದರೆ ಕೈಯಿಂದ ಕೊಡುವುದೇ ಲಾಭ. 15,000 ಆಗಿದ್ದರೆ ಕ್ಲೇಮ್ ಮಾಡಬಹುದು, ಆಗಲೂ ಏರಿದ್ದ ರಿಯಾಯಿತಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂಬುದು ನೆನಪಿರಲಿ. ಕ್ಲೇಮ್ ಮಾಡುವುದಾದರೆ ಗಾಜು ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಬೇಕು. ಸರ್ವೇಯರ್ ನೋಡುವ ಮೊದಲು ಬದಲಾಯಿಸಿದರೆ ತಕರಾರು. ಡಿ.ಎಲ್., ಆರ್.ಸಿ., ಎಫ್.ಸಿ., ಪರ್ಮಿಟ್ ಎಲ್ಲವೂ ಚಾಲ್ತಿಯಲ್ಲಿರಬೇಕು, ಬಿಲ್ಲು ಗಾಡಿ ನಂಬರ್ ಹಾಕಿಸಿಯೇ ತೆಗೆದುಕೊಳ್ಳಬೇಕು.

ಕೈಯಿಂದ ಕೊಡುವುದಾದರೆ ದುಡ್ಡು ಎಲ್ಲಿಂದ? ಗಾಡಿ ಇರುವ ಸದಸ್ಯೆಯರು ವಾರದ ಉಳಿತಾಯದ ಜೊತೆಗೆ 25 ರೂಪಾಯಿ ಬೇರೆಯಾಗಿ ಕಟ್ಟುತ್ತಾ ಬಂದರೆ ವರ್ಷಕ್ಕೆ 1,300 ರೂಪಾಯಿ ಆಗುತ್ತದೆ. ಸಣ್ಣ ರಿಪೇರಿಗೆ, ವೈಪರಿಗೆ ಅದು ಸಾಕು. ದೊಡ್ಡ ಖರ್ಚು ಬಂದಾಗ ಸಂಘದ ಆಂತರಿಕ ಸಾಲ ಕೇಳಬಹುದು. ಆಸ್ಪತ್ರೆ ಖರ್ಚಿಗೆ ತುರ್ತು ಸಾಲ ಕೊಡುವ ಹಾಗೆ ಒಡೆದ ಗಾಜಿಗೂ ಮುಂದಿನ ಸಭೆಯ ತನಕ ಕಾಯದೆ ಕೊಡಬೇಕು ಎಂದು ನಿಮ್ಮ ಸಂಘ ಒಂದು ಠರಾವು ಮಾಡಿಕೊಳ್ಳಲಿ. ಕೆಲವರು ಇದಕ್ಕೆ ಒಪ್ಪಲಿಕ್ಕಿಲ್ಲ, "ಗಾಡಿ ಇದ್ದವರಿಗೆ ಯಾಕೆ ವಿಶೇಷ" ಎನ್ನಬಹುದು. ಗಾಡಿ ನಿಂತರೆ ಆ ಸದಸ್ಯೆಯ ಮರುಪಾವತಿ ನಿಲ್ಲುತ್ತದೆ, ಸಂಘದ ಲೆಕ್ಕವೂ ನಿಲ್ಲುತ್ತದೆ ಎಂದು ಅವರಿಗೆ ವಿವರಿಸಿ.

ಹೊಸ ಗಾಜು ಹಾಕಿದ ದಿನ ಎರಡು ವಿಷಯ ಕೇಳಿಕೊಂಡು ಬರಬೇಕು. ಹಳೇ ಮಾದರಿ ಗಾಡಿಗಳಲ್ಲಿ ಗಾಜು ರಬ್ಬರ್ ಬೀಡಿಂಗಿನಲ್ಲಿ ಕೂರುತ್ತದೆ. ಬೀಡಿಂಗ್ ಸೀಳಿದ್ದರೆ ಅದನ್ನೂ ಬದಲಾಯಿಸಿ, ಇಲ್ಲವಾದರೆ ಮಳೆ ನೀರು ಒಳಗೆ ಬರುತ್ತದೆ. ಹೊಸ ಮಾದರಿಗಳಲ್ಲಿ ಗಾಜನ್ನು ಅಂಟಿನಿಂದ ಕೂರಿಸುತ್ತಾರೆ. ಆ ಅಂಟು ಹಿಡಿಯಲು ಎಷ್ಟು ಗಂಟೆ ಬೇಕು ಎಂದು ಮೆಕ್ಯಾನಿಕನ್ನು ಕೇಳಿ, ಅಷ್ಟು ಹೊತ್ತು ಗಾಡಿ ನಿಲ್ಲಿಸಿ. "ಲೋಡ್ ಕಾಯ್ತಾ ಇದೆ" ಅಂತ ಅವಸರ ಮಾಡಿ ಹೊರಟರೆ ಮೊದಲ ಗುಂಡಿಯಲ್ಲೇ ಅಂಟು ಸಡಿಲವಾಗುತ್ತದೆ.

ಇನ್ನೊಂದು ಹಳೇ ಗಾಜಿಗೆ ಅಂಟಿಸಿದ್ದ ಫಾಸ್ಟ್ಯಾಗ್. ಅದನ್ನು ಕಿತ್ತರೆ ಹಾಳಾಗುತ್ತದೆ, ಹೊಸ ಗಾಜಿಗೆ ಅಂಟಿಸಿದರೆ ಓದುವುದಿಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿ, ಗಾಜು ಬದಲಾಯಿಸಿದ್ದೇವೆ ಎಂದು ಹೇಳಿ ಅದೇ ಗಾಡಿ ನಂಬರಿಗೆ ಬದಲಿ ಟ್ಯಾಗ್ ಕೇಳಬೇಕು. ಟೋಲ್ ಗೇಟಿನಲ್ಲಿ ನಿಂತು ಹೆಚ್ಚು ಹಣ ಕಟ್ಟಿದ ಮೇಲೆ ನೆನಪಾಗುವುದಕ್ಕಿಂತ ಗ್ಯಾರೇಜಿನಲ್ಲಿ ಅಂಟು ಒಣಗುವಷ್ಟರಲ್ಲೇ ಈ ಫೋನ್ ಮಾಡಿ ಮುಗಿಸುವುದು ವಾಸಿ.